ಚುಕ್ಕಾಣಿಯ ಕೆಂಪು ಹೊಲಿಗೆ

ಕೊಟ್ರಪ್ಪನ ಹೊಲಿಗೆ ಬಿಟ್ಟುಕೊಂಡದ್ದರಿಂದಲೇ ವಿಮಾನ ದಿಕ್ಕು ತಪ್ಪಿತು ಎಂದು ತೀರ್ಮಾನ ಕೊಟ್ಟವರು ಮೂರು ಜನ. ಮೂವರೂ ಓದಿದವರು, ಸೂಟು ಹಾಕಿದವರು. ಅವರಲ್ಲಿ ಒಬ್ಬರೂ ಆ ಹೊಲಿಗೆಯನ್ನು ಕೈಯಲ್ಲಿ ಹಿಡಿದು ಎಳೆದು ನೋಡಲಿಲ್ಲ. ತೀರ್ಮಾನವನ್ನು ಟೈಪ್ ಮಾಡಿದವನು ನಾನು. ನಾನೂ ಎಳೆದು ನೋಡಲಿಲ್ಲ. ಕೊಟ್ರಪ್ಪ ಹೋದ ಕಾರ್ತಿಕದಲ್ಲಿ ತೀರಿಕೊಂಡ. ಅವನ ಬಗ್ಗೆ ಬರೆಯಲು ನಿನಗೇನು ಹಕ್ಕಿದೆ ತಿಮ್ಮರಾಯಪ್ಪ ಎಂದು ಯಾರಾದರೂ ಕೇಳಿದರೆ, ಇಲ್ಲ ಎಂದೇ ಹೇಳುತ್ತೇನೆ. ಆದರೆ ಬರೆಯುವವರು ಬೇರೆ ಯಾರೂ ಕಾಣುತ್ತಿಲ್ಲ.

ಅವನು ಕೊಟ್ಟೂರಿನ ಕಡೆಯವನು. ತಾಯಿ ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದಳಂತೆ. ಕೈಹೊಲಿಗೆ ಅವನಿಗೆ ಬಂದದ್ದು ಅಲ್ಲಿಂದ. ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ವಿಮಾನ ರಿಪೇರಿಗೆ ದರ್ಜಿಗಳು ಬೇಕಂತೆ ಎಂಬ ಸುದ್ದಿ ಕೇಳಿ ರೈಲು ಹತ್ತಿ ಬಂದ. ವಿಮಾನಕ್ಕೂ ದರ್ಜಿಗೂ ಏನು ಸಂಬಂಧ ಎಂದು ಈಗಿನ ಹುಡುಗರು ನಗುತ್ತಾರೆ. ಆಗಿನ ಸಣ್ಣ ವಿಮಾನಗಳ ರೆಕ್ಕೆ, ಬಾಲ ಎಲ್ಲವೂ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿದವು. ಬಟ್ಟೆಯನ್ನು ಎಳೆದು ಕೂರಿಸಿ, ಮೇಣ ಹಚ್ಚಿದ ನೂಲಿನಲ್ಲಿ ಕೈಯಿಂದ ಹೊಲಿದು, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ಮೂಗು ಉರಿಸುವ ಒಂದು ಬಣ್ಣ ಬಳಿದರೆ ಅದು ತಮಟೆಯ ಹಾಗೆ ಬಿಗಿಯುತ್ತಿತ್ತು. ಯಾರು ಬೇಕಾದರೂ ಹಾಗೆ ಹೊಲಿಯುವ ಹಾಗಿರಲಿಲ್ಲ. ಪರೀಕ್ಷೆ ಕೊಟ್ಟು ಪಾಸಾದವನಿಗೆ ಒಂದು ಪತ್ರ ಕೊಡುತ್ತಿದ್ದರು. ಕೊಟ್ರಪ್ಪ ಆ ಪತ್ರಕ್ಕೆ ಕಟ್ಟು ಹಾಕಿಸಿ, ಮನೆಯಲ್ಲಿ ಬಸವಣ್ಣನ ಪಟದ ಪಕ್ಕದಲ್ಲಿ ತೂಗುಹಾಕಿದ್ದ.

ಯುದ್ಧ ಮುಗಿದು ಆ ಕೆಲಸ ಹೋಯಿತು. ಐವತ್ತೈದರಲ್ಲಿ ನಮ್ಮ ಫ್ಲೈಯಿಂಗ್ ಕ್ಲಬ್ಬಿಗೆ ಬಂದು ಸೇರಿದ. ಕ್ಲಬ್ಬೆಂದರೆ ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ಸಿಗುವ ಮೊದಲು ಒಂದು ಹುಲ್ಲಿನ ಮೈದಾನ, ಒಂದು ತಗಡಿನ ಶೆಡ್ಡು, ಯುದ್ಧ ಕಾಲದ ಮೂರು ವಿಮಾನ, ಮತ್ತು ಮಕ್ಕಳನ್ನು ಪೈಲಟ್ ಮಾಡಬೇಕೆಂದಿದ್ದ ನಗರದ ಒಂದಿಷ್ಟು ಶ್ರೀಮಂತರು. ನಾನು ಅಲ್ಲಿ ಗುಮಾಸ್ತ. ನಮ್ಮಪ್ಪನ ಹೊಲ ಬೈರಸಂದ್ರದಲ್ಲಿತ್ತು. ಜಯನಗರ ಬಡಾವಣೆಗೆ ಅದು ಹೋದಮೇಲೆ ನಾನು ಟೈಪಿಂಗ್ ಕಲಿತೆ. ಮೂರನೇ ಬ್ಲಾಕಿನಲ್ಲಿ ನಮ್ಮ ಮನೆ, ಅದೇ ಬೀದಿಯ ಕೊನೆಯಲ್ಲಿ ಕೊಟ್ರಪ್ಪನದು ಒಂದು ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಇಬ್ಬರೂ ಸೈಕಲ್ಲಿನಲ್ಲಿ ಬನಶಂಕರಿ ಗುಡಿ ದಾಟಿ, ಕೋಣನಕುಂಟೆ ದಾಟಿ ಕೆಲಸಕ್ಕೆ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಮಾತು ಅವನದೇ.

ಆ ವಿಮಾನಗಳಿಗೆ ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ. ಭಾರವೆಲ್ಲ ದೊಡ್ಡ ಚಕ್ರಗಳ ಹಿಂದೆ. ತುಂಬಿದ ತಳ್ಳುಗಾಡಿಯನ್ನು ಇಳಿಜಾರಿನಲ್ಲಿ ಹಿಂದುಮುಂದಾಗಿ ಬಿಟ್ಟರೆ ಅದು ನೆಟ್ಟಗೆ ಹೋಗುವುದಿಲ್ಲ, ಹಿಂದಿನದು ಮುಂದೆ ಬರಲು ನೋಡುತ್ತದೆ. ಇಲ್ಲೂ ಹಾಗೆಯೇ. ನೆಲ ಮುಟ್ಟಿ ಓಡುವಾಗ ಮೂತಿ ಸ್ವಲ್ಪ ಓರೆಯಾದರೂ ಕಾಲಿನ ಪೆಡಲಿನಿಂದ ಬಾಲದ ಚುಕ್ಕಾಣಿಯನ್ನು ತಿರುಗಿಸಿ ಆ ಕ್ಷಣವೇ ನೆಟ್ಟಗೆ ಮಾಡಬೇಕು. ಕಾಲು ತಡವಾದರೆ ಬಾಲ ಮುಂದೆ ಬಂದೇ ಬರುತ್ತದೆ. ವಿಮಾನ ನಿಂತಲ್ಲೇ ಗಿರಕಿ ಹೊಡೆದು ಒಂದು ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ನಮ್ಮ ಮೈದಾನದಲ್ಲಿ ಇದಕ್ಕೆ ‘ಸುತ್ತು ಹಾಕುವುದು’ ಎನ್ನುತ್ತಿದ್ದರು. ಕೊಟ್ರಪ್ಪನ ಅರ್ಧ ಕೆಲಸ ಈ ಸುತ್ತುಗಳಿಂದಲೇ ಬರುತ್ತಿತ್ತು.

“ನೆಲ ಮುಟ್ಟಿದ್ ಮೇಲೇರೀ ನಿಜವಾದ ಕೆಲಸ ಶುರು. ಈ ಹುಡುಗ್ರು ಚಕ್ರ ನೆಲಕ್ಕೆ ತಾಗಿದ್ ಕೂಡ್ಲೇ ಮನಸ್ನಲ್ಲಿ ಮನೆಗೆ ಹೋಗಿಬಿಡ್ತಾರೆ” ಎನ್ನುತ್ತಿದ್ದ.

ಹರಿದ ಬಟ್ಟೆ ನೋಡಿಯೇ ಗಾಳಿ ಯಾವ ಕಡೆಯಿಂದ ಬಂದಿತ್ತು, ಯಾವ ಕಾಲು ತಡವಾಯಿತು ಎಂದು ಹೇಳಿಬಿಡುತ್ತಿದ್ದ. ಒಂದು ದಿನವೂ ವಿಮಾನ ಹತ್ತಿದವನಲ್ಲ. ಇನ್‌ಸ್ಟ್ರಕ್ಟರ್ ಸಾಹೇಬರು ಒಮ್ಮೆ ಕರೆದರೂ ಹೋಗಲಿಲ್ಲ. “ನಾನು ಹೊಲಿದದ್ದು ನನಗೆ ಗೊತ್ತು, ಅದಕ್ಕೇ ಭಯ ಇಲ್ಲ. ಆದ್ರೆ ಪೆಡಲ್ ಮೇಲಿನ ಕಾಲು ಬೇರೇವ್ರದ್ದು” ಎಂದ. ಸಾಹೇಬರಿಗೆ ಆ ಮಾತು ಅಷ್ಟಾಗಿ ಹಿಡಿಸಲಿಲ್ಲ.

ಸಂಜೆ ಮನೆಯಲ್ಲಿ ಬೀದಿಯ ಮಕ್ಕಳಿಗೆ ಅಂಗಿ ಹೊಲಿಯುತ್ತಿದ್ದ. ಹೊಲಿದು ಮುಗಿಸಿದ ಮೇಲೆ, ಅಂಗಿಯ ಅಂಚಿನ ಒಳಗಡೆ, ಕಾಣದ ಜಾಗದಲ್ಲಿ, ಕೆಂಪು ದಾರದ ಒಂದೇ ಒಂದು ಹೊಲಿಗೆ ಹಾಕುತ್ತಿದ್ದ. ದೃಷ್ಟಿಯಾಗದಿರಲಿ ಎಂದು. ಅವನ ತಾಯಿ ಕೌದಿಗೂ ಹಾಗೆಯೇ ಮಾಡುತ್ತಿದ್ದಳಂತೆ. ನಮ್ಮ ಬೀದಿಯ ತಾಯಂದಿರಿಗೆ ಅದೆಂದರೆ ಪ್ರಾಣ. ಅಂಗಿ ಕೈಗೆ ಬಂದ ಕೂಡಲೇ ಅಂಚು ಮಡಿಸಿ ಕೆಂಪು ಇದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಈ ಮಾತು ಬೀದಿ ದಾಟಿ, ಬ್ಲಾಕು ದಾಟಿ, ದೊಡ್ಡವರ ಮನೆಗೂ ಹೋಯಿತು. ಹೋಗದೇ ಇದ್ದಿದ್ದರೆ ಚೆನ್ನಾಗಿತ್ತು.

ಅರವತ್ತೊಂದರ ದೀಪಾವಳಿ ಕಳೆದು ಒಂದು ವಾರಕ್ಕೆ ನಮ್ಮ ಮನೆಯ ಮುಂದೆ ಒಂದು ಕಾರು ನಿಂತಿತು. ಇಳಿದವರು ಉಮಾಮಹೇಶ್ವರಿಯವರು. ಅವರ ಯಜಮಾನರು ಚನ್ನಬಸವಯ್ಯನವರು ನಗರದ ದೊಡ್ಡ ಜವಳಿ ವ್ಯಾಪಾರಿ, ನಮ್ಮ ಕ್ಲಬ್ಬಿನ ಕಮಿಟಿ ಮೆಂಬರು. ಮಗ ಮೃತ್ಯುಂಜಯ ನಮ್ಮಲ್ಲೇ ಕಲಿಯುತ್ತಿದ್ದ. ಕೊಟ್ರಪ್ಪನ ಮನೆ ಯಾವುದು ಎಂದು ಕೇಳಿದರು. ನಾನೇ ಮುಂದೆ ನಡೆದು ಕರೆದುಕೊಂಡು ಹೋದೆ. ದೊಡ್ಡ ಮನೆಯ ಹೆಂಗಸು ನಮ್ಮ ಬೀದಿಯಲ್ಲಿ ನನ್ನ ಜೊತೆ ನಡೆದು ಬರುತ್ತಿದ್ದಾರಲ್ಲ ಎಂದು ನನಗೆ ಹೆಮ್ಮೆಯೂ ಆಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಕೊಟ್ರಪ್ಪನ ಹೆಂಡತಿ ಜಯದೇವಿ ಚಾಪೆ ಹಾಸಿ ಕಾಫಿ ಕೊಟ್ಟಳು. ಉಮಾಮಹೇಶ್ವರಿಯವರು ಕಾಫಿ ಮುಟ್ಟಲಿಲ್ಲ.

“ಮೃತ್ಯುಂಜಯ ಸದ್ಯದಲ್ಲೇ ಒಬ್ಬನೇ ಹಾರಿಸ್ತಾನಂತೆ ಕೊಟ್ರಪ್ಪ. ನನಗೆ ಗಂಟಲಲ್ಲಿ ಅನ್ನ ಇಳೀತಿಲ್ಲ. ಮಕ್ಕಳ ಅಂಗಿಗೆ ಹಾಕ್ತೀರಲ್ಲ, ಕೆಂಪು ದಾರ, ಅದನ್ನ ಅವನು ಹಾರಿಸೋ ವಿಮಾನಕ್ಕೂ ಒಂದು ಹಾಕಿಬಿಡಿ.”

“ತಾಯೀ, ಅಂಗಿ ಬೇರೆ, ವಿಮಾನ ಬೇರೆ. ಅಲ್ಲಿ ಅವರು ಕೊಟ್ಟ ನೂಲು ಬಿಟ್ಟು ಬೇರೇದು ಮುಟ್ಟೋ ಹಂಗಿಲ್ಲ. ನಂದು ಪತ್ರದ ಕೆಲಸ” ಎಂದ ಕೊಟ್ರಪ್ಪ.

“ಮೊದಲನೇ ಮಗ ಟೈಫಾಯ್ಡಲ್ಲಿ ಹೋದ. ಇವನೊಬ್ಬ ಉಳಿದಿರೋದು” ಎಂದು ಆಕೆ ಅಳಲು ಶುರು ಮಾಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಆ ಅಳು ಸುಳ್ಳಲ್ಲ. ಈಗಲೂ ಸುಳ್ಳೆಂದು ನಾನು ಹೇಳುವುದಿಲ್ಲ.

ಜಯದೇವಿ ಗಂಡನ ಮುಖ ನೋಡಿ, “ಒಂದು ಹೊಲಿಗೆ ತಾನೇ, ಹಾಕಿಬಿಡ್ರಿ” ಎಂದಳು. ಅವನು ನನ್ನ ಕಡೆ ತಿರುಗಿದ. ಆಫೀಸಿನವನು ನಾನೊಬ್ಬನೇ ಅಲ್ಲಿದ್ದವನು.

“ಯಾರಿಗೆ ಗೊತ್ತಾಗುತ್ತೆ, ಹಾಕಿ” ಎಂದೆ ನಾನು.

ಆ ವಾರ ಶೆಡ್ಡಿನಲ್ಲಿ ಕೊಟ್ರಪ್ಪ ಮೃತ್ಯುಂಜಯ ಹಾರಿಸುವ ವಿಮಾನದ ಚುಕ್ಕಾಣಿಗೇ ಹೊಸ ಬಟ್ಟೆ ಹೊದಿಸುತ್ತಿದ್ದ. ಮೇಣದ ನೂಲಿನ ಹೊಲಿಗೆಯೆಲ್ಲ ಮುಗಿಸಿ, ಎಂಜಿನಿಯರಿಗೆ ತೋರಿಸಿ, ಸರಿಯಿದೆ ಎನ್ನಿಸಿಕೊಂಡ. ಪಟ್ಟಿ ಅಂಟಿಸುವ ಮುಂಚೆ, ಕೆಳಗಿನ ಮೂಲೆಯಲ್ಲಿ, ಕೆಂಪು ದಾರದ ಒಂದು ಹೊಲಿಗೆ ಹಾಕಿದ. ಇರಬೇಕಾದ ಒಂದು ಹೊಲಿಗೆಯನ್ನೂ ಅವನು ಬಿಡಲಿಲ್ಲ, ಒಂದನ್ನೂ ಬಿಚ್ಚಲಿಲ್ಲ. ಎಲ್ಲ ಆದಮೇಲೆ ಇದೊಂದು ಹೆಚ್ಚಿಗೆ. ಆದರೂ ತಪ್ಪು ತಪ್ಪೇ. ಪತ್ರ ಇದ್ದವನು ಮಾಡಬಾರದ ಕೆಲಸ. ಎರಡು ತಿಂಗಳು ಆ ವಿಮಾನ ಚೆನ್ನಾಗಿಯೇ ಹಾರಿತು, ಇಳಿಯಿತು. ಉಮಾಮಹೇಶ್ವರಿಯವರು ಶಿವರಾತ್ರಿಗೆ ಜಯದೇವಿಗೆ ಒಂದು ಸೀರೆ ಕೊಡುತ್ತೇನೆ ಎಂದು ಹೇಳಿಕಳಿಸಿದರು. ಶಿವರಾತ್ರಿಯವರೆಗೆ ಆ ಮಾತು ಉಳಿಯಲಿಲ್ಲ.

ಸಂಕ್ರಾಂತಿಯ ಮರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಇರಬಹುದು. ಮೂಡಲ ಗಾಳಿ ಜೋರಾಗಿತ್ತು. ನಮ್ಮ ಮೈದಾನ ತೆಂಕಣದಿಂದ ಬಡಗಣಕ್ಕೆ ಉದ್ದ; ಹೀಗಾಗಿ ಇಳಿಯುವವರಿಗೆ ಗಾಳಿ ಬಲ ಮಗ್ಗುಲಿನಿಂದ ಹೊಡೆಯುತ್ತಿತ್ತು. ಮೃತ್ಯುಂಜಯ ಒಬ್ಬನೇ ಇದ್ದ. ಆಫೀಸಿನ ಬಾಗಿಲಲ್ಲಿ ನಾನು, ಶೆಡ್ಡಿನ ಮುಂದೆ ಕೊಟ್ರಪ್ಪ ನಿಂತು ನೋಡುತ್ತಿದ್ದೆವು. ಬಹಳ ಚೆನ್ನಾಗಿ ಇಳಿದ. ಚಕ್ರ ನೆಲಕ್ಕೆ ತಾಗಿದ್ದು ತಿಳಿಯಲೇ ಇಲ್ಲ. ಬೇಲಿಯಾಚೆ ನಿಂತಿದ್ದ ಗೆಳೆಯರು ಚಪ್ಪಾಳೆ ತಟ್ಟಿದರು. ಅವನು ಅವರ ಕಡೆ ಕೈ ಎತ್ತಿದ.

“ಕಾಲು, ಕಾಲು!” ಎಂದು ಕೊಟ್ರಪ್ಪ ಕೂಗಿದ. ಅಷ್ಟು ದೂರಕ್ಕೆ ಯಾರಿಗೆ ಕೇಳಿಸಬೇಕು?

ಮೂತಿ ಬಲಕ್ಕೆ ಸ್ವಲ್ಪ ತಿರುಗಿತು. ಮತ್ತೆ ಇನ್ನಷ್ಟು ತಿರುಗಿತು. ಆಮೇಲೆ ಬಾಲ ಎಡದಿಂದ ರೊಯ್ಯನೆ ಮುಂದಕ್ಕೆ ಬಂತು, ಎಡ ರೆಕ್ಕೆಯ ತುದಿ ನೆಲಕ್ಕೆ ಬಡಿದು ಮುರಿಯಿತು, ಧೂಳೆದ್ದಿತು. ಮೈದಾನದ ಪಡುವಣ ಅಂಚಿಗೆ ಸುಣ್ಣ ಬಳಿದ ಗಡಿಕಲ್ಲುಗಳಿದ್ದವು. ಬಾಲ ಹೋಗಿ ಅದರಲ್ಲೊಂದಕ್ಕೆ ಅಪ್ಪಳಿಸಿ ನಿಂತಿತು.

ನಾವಿಬ್ಬರೂ ಓಡಿದೆವು. ಮೃತ್ಯುಂಜಯ ತಾನೇ ಇಳಿದು ಹುಲ್ಲಿನ ಮೇಲೆ ಕೂತಿದ್ದ. ಒಂದು ಗೀರೂ ಇಲ್ಲ.

“ಕಾಲು ಲೇಟಾಯ್ತು ಕೊಟ್ರಪ್ಪ. ನೋಡ್ತಾ ನೋಡ್ತಾ ತಿರುಗಿಬಿಡ್ತು” ಎಂದ.

“ಆಗ್ಲಿ ಬಿಡಿ ಅಪ್ಪಾಜಿ. ಎಲ್ಲಾರೂ ಒಂದು ಸಲ ಸುತ್ತು ಹಾಕೋರೇ. ಜೀವ ಉಳೀತಲ್ಲ” ಎಂದು ಕೊಟ್ರಪ್ಪ ಅವನ ಬೆನ್ನು ಸವರಿದ. ನೀರು ತಂದು ಕುಡಿಸಿದ. ಕೆಂಪು ಹೊಲಿಗೆ ಕಾಪಾಡಿತು ಎಂದು ಅವನ ಮನಸ್ಸಿನಲ್ಲಿ ಆ ಹೊತ್ತು ಇದ್ದರೂ ಇದ್ದೀತು. ಆಮೇಲೆ ಚುಕ್ಕಾಣಿಯ ಹತ್ತಿರ ಹೋಗಿ ನೋಡಿದ. ಕಲ್ಲು ತಗುಲಿದಲ್ಲಿ ಎಡಗಡೆಯ ಬಟ್ಟೆ ಒಂದು ಮೊಳ ಹರಿದು, ಪಟ್ಟಿ ಕಿತ್ತು ಬಂದಿತ್ತು. ಹರಿದ ಅಂಚಿಗೆಲ್ಲ ಸುಣ್ಣ ಮೆತ್ತಿತ್ತು. ಹೊಲಿಗೆ ಮಾತ್ರ ಹಾಗೇ ಇತ್ತು. ಅದರ ತುದಿಯಲ್ಲಿ ಕೆಂಪು ದಾರ ಎಲ್ಲರಿಗೂ ಕಾಣುವ ಹಾಗೆ ಹೊರಗೆ ಬಂದಿತ್ತು.

ಅದು ಮೊದಲು ಕಣ್ಣಿಗೆ ಬಿದ್ದದ್ದು ಇನ್‌ಸ್ಟ್ರಕ್ಟರ್ ಸಾಹೇಬರಿಗೆ. ಗಾಳಿ ಅಷ್ಟು ಜೋರಿರುವಾಗ ಹೊಸ ಹುಡುಗನನ್ನು ಒಬ್ಬನೇ ಬಿಟ್ಟವರು ಅವರು. ಆ ಕೆಂಪು ದಾರ ಕಂಡಾಗ ಅವರ ಮುಖದ ಮೇಲೆ ಬಂದ ನೆಮ್ಮದಿಯನ್ನು ನಾನು ನೋಡಿದ್ದೇನೆ.

ಮೂರನೇ ದಿನ ವಿಚಾರಣೆ. ಸಾಹೇಬರು, ಕ್ಲಬ್ಬಿನ ಕಾರ್ಯದರ್ಶಿ, ಮೇಲಿನಿಂದ ಬಂದ ಒಬ್ಬ ಅಧಿಕಾರಿ, ಇಷ್ಟು ಜನ ಮೇಜಿನ ಆಚೆ. ಮೂಲೆಯಲ್ಲಿ ನಾನು, ನನ್ನ ಟೈಪ್‌ರೈಟರ್. ಕಮಿಟಿ ಮೆಂಬರಾದ್ದರಿಂದ ಚನ್ನಬಸವಯ್ಯನವರು ಪಕ್ಕದ ಕುರ್ಚಿಯಲ್ಲಿ. ಮೃತ್ಯುಂಜಯ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದು, “ಇಳಿಯೋಕೆ ಮುಂಚೇನೇ ಪೆಡಲ್ ಸಡಿಲ ಅನ್ನಿಸ್ತು ಸಾರ್. ಒತ್ತಿದ್ರೂ ಕೇಳಲಿಲ್ಲ” ಎಂದ. ಯಾರು ಹೇಳಿಕೊಟ್ಟಿದ್ದರೋ, ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ಹೋದ. ಅವನು ಹೇಳಿದ್ದನ್ನು ನಾನು ಟೈಪ್ ಮಾಡಿದೆ. ಹುಲ್ಲಿನ ಮೇಲೆ ಕೂತು ಅವನು ಹೇಳಿದ್ದು ನನ್ನ ಕಿವಿಯಲ್ಲೇ ಉಳಿಯಿತು.

ಕೊಟ್ರಪ್ಪನನ್ನು ಕರೆದರು. ಹರಿದ ಬಟ್ಟೆ ಮೇಜಿನ ಮೇಲಿತ್ತು.

“ಈ ಕೆಂಪು ನೂಲು ನೀನು ಹಾಕಿದ್ದಾ?” ಎಂದರು ಅಧಿಕಾರಿ.

“ಹೌದು ಸಾಹೇಬ್ರೆ. ತಪ್ಪಾಯ್ತು. ಆದ್ರೆ ಅದು ಹೆಚ್ಚಿಗೆ ಹಾಕಿದ್ದು. ಹೊಲಿಗೆ ಬಿಟ್ಟಿಲ್ಲ, ಬಟ್ಟೆ ಹರಿದಿರೋದು. ಅಂಚಲ್ಲಿ ಸುಣ್ಣ ನೋಡಿ, ಕಲ್ಲಿಗೆ ಬಡಿದು ಹರಿದದ್ದು ಇದು. ಗಾಳಿಯಲ್ಲಿ ಹರಿದಿದ್ರೆ ಸುಣ್ಣ ಎಲ್ಲಿಂದ ಬರ್ತದೆ? ಬೇಕಾದ್ರೆ ಹೊಲಿಗೆ ಎಳೆದು ನೋಡಿ.”

“ಕೇಳಿದ್ದಕ್ಕೆ ಮಾತ್ರ ಹೇಳು. ಯಾಕೆ ಹಾಕಿದೆ?”

ಕೊಟ್ರಪ್ಪ ಚನ್ನಬಸವಯ್ಯನವರ ಕಡೆ ನೋಡಿದ. “ಅಮ್ಮಾವ್ರು ಮನೆಗೆ ಬಂದು ಕೇಳ್ಕೊಂಡ್ರು. ಮಗನಿಗೆ ದೃಷ್ಟಿ ಆಗಬಾರದು ಅಂತ.”

ಚನ್ನಬಸವಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟರು. “ನಮ್ಮ ಮನೆಯವರು ಯಾವ ದರ್ಜಿ ಮನೆ ಬಾಗಿಲಿಗೂ ಹೋಗೋರಲ್ಲ! ಬೆಳಿಗ್ಗೆನೂ ಕೇಳಿದೀನಿ. ಈ ಮನುಷ್ಯನ ಮುಖಾನೇ ಗೊತ್ತಿಲ್ಲ ಅಂದ್ರು.”

ಅಧಿಕಾರಿ ಕೇಳಿದರು: “ಅವರು ಬಂದದ್ದನ್ನ ನೋಡಿದೋರು ಯಾರಾದ್ರೂ ಇದ್ದಾರಾ?”

ಕೊಟ್ರಪ್ಪ ನನ್ನ ಹೆಸರು ಹೇಳಲಿಲ್ಲ. ನನಗೆ ಮೂರು ಹೆಣ್ಣುಮಕ್ಕಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡೂ ಅವನಿಗೆ ಗೊತ್ತಿತ್ತು. ನಾನೇ ಬಾಯಿ ಬಿಡುತ್ತೇನೆ ಎಂದು ಕಾಯುತ್ತಿದ್ದ. ನನ್ನ ಬೆರಳು ಅಕ್ಷರಗಳ ಮೇಲಿತ್ತು. ಕಾರ್ಯದರ್ಶಿಗಳು ನನ್ನ ಕಡೆ ನೋಡಿ, “ಬರ್ಕೊಳ್ರೀ, ಸಾಕ್ಷಿ ಇಲ್ಲ” ಎಂದರು. ಬರೆದುಕೊಂಡೆ.

ಅನುಮತಿಯಿಲ್ಲದ ನೂಲು ಬಳಸಿದ್ದರಿಂದ ಚುಕ್ಕಾಣಿಯ ಹೊಲಿಗೆ ಬಿಟ್ಟುಕೊಂಡಿತು, ಅದರಿಂದಾಗಿ ಇಳಿಯುವಾಗ ವಿಮಾನ ಹತೋಟಿಗೆ ಸಿಗಲಿಲ್ಲ, ತರಬೇತಿಯ ಹುಡುಗನ ತಪ್ಪು ಏನೂ ಇಲ್ಲ. ಇದು ತೀರ್ಮಾನ. ಕೊಟ್ರಪ್ಪನ ಪತ್ರ ರದ್ದಾಯಿತು. ಕಟ್ಟು ಬಿಚ್ಚಿ, ಪತ್ರವನ್ನು ತಾನೇ ತಂದು ಆಫೀಸಿನಲ್ಲಿ ಕೊಡಬೇಕಾಯಿತು. ತೆಗೆದುಕೊಂಡು ಫೈಲಿಗೆ ಸೇರಿಸಿದವನೂ ನಾನೇ. ಚುಕ್ಕಾಣಿಯ ಹರಿದ ಬಟ್ಟೆಯನ್ನು ಕಸಕ್ಕೆ ಹಾಕಿದ್ದರು. ಅದನ್ನು ಎತ್ತಿ, ಮಡಿಸಿ, ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೋದ. ಆ ದಿನ ಅವನು ನನಗಿಂತ ಮುಂಚೆ ಹೊರಟ. ಮತ್ತೆ ನಾವು ಜೊತೆಯಲ್ಲಿ ಸೈಕಲ್ ತುಳಿಯಲಿಲ್ಲ.

ಒಂದು ಹೊಲಿಗೆ ಬಿಟ್ಟುಕೊಂಡಿತು ಎಂಬ ಮಾತು ದರ್ಜಿಯ ಮಟ್ಟಿಗೆ ಎಂಥದು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಕೆಲಸ ಹೋದದ್ದಕ್ಕೆ ಅವನು ಅಷ್ಟು ಕೊರಗಲಿಲ್ಲ. ಎರಡು ಕಡೆ ವಿಮಾನದ ಕೆಲಸ ಕೇಳಲು ಹೋದ. ಸುದ್ದಿ ಅವನಿಗಿಂತ ಮುಂಚೆ ಅಲ್ಲಿಗೆ ಹೋಗಿತ್ತು. ಎಷ್ಟೋ ಅರ್ಜಿ ಬರೆಸಿದ. ಬೇರೆಯವರ ಕೈಯಲ್ಲಿ ಬರೆಸಿದ, ನನ್ನ ಹತ್ತಿರ ಬರಲಿಲ್ಲ. ಎಲ್ಲದರಲ್ಲೂ ಒಂದೇ ಬೇಡಿಕೆ: ಕೆಲಸ ಬೇಡ, ಹೊಲಿಗೆಯನ್ನು ಎಳೆದು ನೋಡಿ ಅಷ್ಟೇ. ಯಾವುದಕ್ಕೂ ಉತ್ತರ ಬರಲಿಲ್ಲ. ಆಮೇಲೆ ನಾಲ್ಕನೇ ಬ್ಲಾಕಿನಲ್ಲಿ ಒಬ್ಬರ ಕಾರ್ ಶೆಡ್ಡನ್ನು ಬಾಡಿಗೆಗೆ ಹಿಡಿದು ಅಂಗಡಿ ಇಟ್ಟ. ಜಯದೇವಿ ರವಿಕೆ ಹೊಲಿದಳು, ಅವನು ಷರಟು, ಪ್ಯಾಂಟು. ಕೆಲಸ ಮೊದಲಿನಷ್ಟೇ ಅಚ್ಚುಕಟ್ಟು. ಆದರೆ ಮಕ್ಕಳ ಅಂಗಿಗೆ ಕೆಂಪು ಹೊಲಿಗೆ ಹಾಕುವುದನ್ನು ಬಿಟ್ಟುಬಿಟ್ಟ. ತಾಯಂದಿರು ಅಂಚು ಮಡಿಸಿ ನೋಡಿ ಕೇಳಿದರೆ, “ದಾರ ಮುಗಿದಿದೆ” ಎನ್ನುತ್ತಿದ್ದ. ಹಿಂದಿನ ಗೋಡೆಯ ಹಲಗೆಯ ಮೇಲೆ ಕೆಂಪು ದಾರದ ಉಂಡೆಗಳು ಸಾಲಾಗಿ ಕೂತಿರುತ್ತಿದ್ದವು.

ನಾನು ಅಲ್ಲೇ ಬಟ್ಟೆ ಹೊಲಿಸುತ್ತಿದ್ದೆ. ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಅವನು ಅಳತೆ ತೆಗೆದುಕೊಳ್ಳುತ್ತಿದ್ದ, ಹೊಲಿದು ಕೊಡುತ್ತಿದ್ದ, ಆ ವಿಷಯ ಒಂದು ದಿನವೂ ಎತ್ತಲಿಲ್ಲ. ಮರೆತಿದ್ದಾನೆ ಎಂದು ನಂಬುವುದು ನನಗೆ ಅನುಕೂಲವಾಗಿತ್ತು.

ಅರವತ್ತೇಳರಲ್ಲಿ ಒಂದು ಮಧ್ಯಾಹ್ನ ನಾನು ಅಂಗಡಿಯ ಬೆಂಚಿನ ಮೇಲೆ ಷರಟಿಗಾಗಿ ಕಾಯುತ್ತಿದ್ದೆ. ಕಾರು ಬಂದು ನಿಂತಿತು. ಉಮಾಮಹೇಶ್ವರಿಯವರು ಒಳಗೆ ಬಂದರು. ಕೂದಲು ಸಾಕಷ್ಟು ನರೆತಿತ್ತು. ಕೈಯಲ್ಲಿ ಚಿನ್ನದ ಬಣ್ಣದ ಪಟ್ಟಿಯ ಕಪ್ಪು ಕೋಟು. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು, ಕೊಟ್ರಪ್ಪನನ್ನು ಮಾತ್ರ ಹಳೇ ಪರಿಚಯದವರ ಹಾಗೆ ಮಾತಾಡಿಸಿದರು.

“ಚೆನ್ನಾಗಿದೀರಾ ಕೊಟ್ರಪ್ಪ? ಮೃತ್ಯುಂಜಯನಿಗೆ ದೊಡ್ಡ ವಿಮಾನದ ಕೆಲಸ ಸಿಕ್ಕಿದೆ. ಸೋಮವಾರ ಸೇರ್ಕೋತಾನೆ. ಇದು ಅವನ ಕೋಟು. ಒಳಗಡೆ, ಯಾರಿಗೂ ಕಾಣದ ಹಾಗೆ, ಆ ಕೆಂಪು ದಾರ ಒಂದು ಹಾಕಿಕೊಡಿ. ಆವತ್ತು ಅದೇ ಅವನನ್ನ ಕಾಪಾಡಿದ್ದು. ನಿಮ್ಮ ಕೈಗುಣ.”

ಕೊಟ್ರಪ್ಪ ಮೆಷಿನ್ ನಿಲ್ಲಿಸಿದ. ಎದ್ದು ಟ್ರಂಕು ತೆರೆದು ಒಂದು ಬಟ್ಟೆಯ ಮಡಿಕೆ ತಂದು ಅವರ ಮುಂದೆ ಬಿಡಿಸಿದ. ಚುಕ್ಕಾಣಿಯ ಬಟ್ಟೆ. ಬಣ್ಣ ಸೀಳು ಬಿಟ್ಟಿತ್ತು, ಅಂಚಿನಲ್ಲಿ ಸುಣ್ಣ ಇನ್ನೂ ಇತ್ತು.

“ಹಾಕಿಕೊಡ್ತೀನಿ ತಾಯಿ. ಮೊದ್ಲು ಈ ಹೊಲಿಗೆ ಎರಡೂ ಕೈಲಿ ಹಿಡಿದು ಎಳೀರಿ. ಬಿಡಲಿಲ್ಲ ಅಂದ್ರೆ, ಬಿಡಲಿಲ್ಲ ಅಂತ ಮನೇಲಿ ಯಜಮಾನ್ರಿಗೆ ಒಂದು ಮಾತು ಹೇಳಿ. ಬೇರೆ ಏನೂ ಬೇಡ. ಪತ್ರನೂ ವಾಪಸ್ ಬೇಡ.”

ಅವರು ಬಟ್ಟೆಯನ್ನು ಮುಟ್ಟಲಿಲ್ಲ. ಅಂದು ಕಾಫಿ ಮುಟ್ಟದೆ ಕೂತಿದ್ದ ಹಾಗೆಯೇ ಅದನ್ನು ನೋಡುತ್ತ ನಿಂತರು.

“ಮುಗಿದು ಹೋದದ್ದನ್ನ ಈಗ ಯಾಕೆ ಕೆದಕಬೇಕು? ಹುಡುಗ ಈಗ ತಾನೇ ಒಂದು ದಾರಿಗೆ ಬಂದಿದಾನೆ. ಈಗ ಅವನ ಮೇಲೆ ಮಾತು ಬಂದ್ರೆ ಏನಾಗುತ್ತೆ, ನೀವೇ ಹೇಳಿ” ಎಂದರು.

“ನನ್ನ ಮೇಲೆ ಬಂತಲ್ಲ ತಾಯಿ” ಎಂದ ಕೊಟ್ರಪ್ಪ. ದನಿ ಏರಿಸಲಿಲ್ಲ.

ಅವರು ಕೋಟನ್ನು ಮಡಿಸಿಕೊಂಡು ಹೋದರು. ಜಯನಗರದಲ್ಲಿ ದರ್ಜಿಗಳಿಗೇನು ಬರವೇ.

ಕಾರು ಹೋದಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ, ಐದು ವರ್ಷದ ಮೇಲೆ, ಆ ಬಟ್ಟೆಯನ್ನು ಕೈಗೆತ್ತಿಕೊಂಡೆ. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಮೈಯಲ್ಲಿದ್ದ ಬಲವೆಲ್ಲ ಹಾಕಿ ಎಳೆದೆ. ಪಕ್ಕದ ಬಟ್ಟೆ ಪರ್ರನೆ ಇನ್ನೊಂದು ಗೇಣು ಹರಿಯಿತು. ಹೊಲಿಗೆ ಒಂದು ಎಳೆಯೂ ಬಿಡಲಿಲ್ಲ.

“ಕೊಟ್ರಪ್ಪನೋರೆ, ಈಗ್ಲಾದ್ರೂ ಒಂದು ಅರ್ಜಿ ಹಾಕೋಣ. ನಾನು ಸಾಕ್ಷಿ ರುಜು ಹಾಕ್ತೀನಿ” ಎಂದೆ. ನನ್ನ ಕೆಲಸ ಆಗ ಕಾಯಂ ಆಗಿತ್ತು.

ಅವನು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಹಳೆಯ ಮಡಿಕೆಯ ಗೆರೆಗಳ ಮೇಲೇ ಮತ್ತೆ ಮಡಿಸಿದ.

“ನಿಮ್ಮ ರುಜು ಆಗ್ಲೇ ಐತಲ್ಲ ತಿಮ್ಮರಾಯಪ್ಪನೋರೆ. ನನಗೆ ಕೊಟ್ಟ ತೀರ್ಮಾನದ ಕಾಗದದಲ್ಲಿ, ಎಲ್ಲಾರ ಸಹಿ ಆದ್ ಮೇಲೆ, ಎಡಗಡೆ ಮೂಲೇಲಿ, ಟೈಪ್ ಮಾಡಿದೋರು ಅಂತ ನಿಮ್ಮ ಹೆಸರಿನ ಎರಡು ಅಕ್ಷರ. ಅದನ್ನ ನಾನು ದಿನಾ ಓದ್ತಿದ್ದೆ” ಎಂದ.

ಆಮೇಲೆ ನನ್ನ ಷರಟನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ನನ್ನ ಕೈಗೆ ಕೊಟ್ಟ.